ಕಚ್ಚಿಕೊಂಡ ಎಕ್ಸಾಸ್ಟ್ ಬೋಲ್ಟು: ಕಾಯಿಸುವುದೋ, ಕತ್ತರಿಸುವುದೋ, ಕೊರೆಯುವುದೋ?

ಎಕ್ಸಾಸ್ಟ್ ಕೆಲಸಕ್ಕೆಂದು ಗ್ಯಾರೇಜಿಗೆ ಬಿಟ್ಟ ಕಾರು ಅರ್ಧ ಗಂಟೆಯಲ್ಲಿ ಸಿಗುವುದೆಂದು ಹೇಳಿದ್ದು ಸಂಜೆಯವರೆಗೂ ಎಳೆದರೆ, ಅದಕ್ಕೆ ಸಾಮಾನ್ಯವಾಗಿ ಸೈಲೆನ್ಸರಾಗಲಿ ಪೈಪಾಗಲಿ ಕಾರಣವಾಗಿರುವುದಿಲ್ಲ. ಅವೆರಡನ್ನು ಕೂಡಿಸಿರುವ ಎರಡೋ ಮೂರೋ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಆಗ ಮಾಲೀಕರ ಮುಂದೆ ಹಲವು ದಾರಿಗಳಿರುತ್ತವೆ. ಎಣ್ಣೆ ಬಿಟ್ಟು ಕಾಯಬಹುದು, ಗ್ಯಾಸ್ ಕೊಟ್ಟು ಕಾಯಿಸಬಹುದು, ಗ್ರೈಂಡರ್ ಹಿಡಿದು ಕತ್ತರಿಸಬಹುದು, ಮುರಿದ ತುಂಡಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸಬಹುದು, ಕೊರೆದು ತೆಗೆಯಬಹುದು, ಇಲ್ಲವೇ ಇಡೀ ಭಾಗವನ್ನೇ ಬಿಚ್ಚಿ ಲೇತಿನವರ ಕೈಗೆ ಕೊಡಬಹುದು. ಮೈಸೂರು, ಮಂಡ್ಯ ಕಡೆ ಕಾರು ಇಟ್ಟುಕೊಂಡವರು ಇವುಗಳಲ್ಲಿ ಯಾವುದನ್ನು ಎಲ್ಲಿ ಒಪ್ಪಬೇಕು, ಎಲ್ಲಿ ಬೇಡವೆನ್ನಬೇಕು, ಹಳೆಯದರ ಜಾಗಕ್ಕೆ ಎಂಥ ಬೋಲ್ಟು ಹಾಕಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಆಯ್ಕೆಗೆ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು: ಬೋಲ್ಟಿನ ಥ್ರೆಡ್ ಕಚ್ಚಿಕೊಂಡಿರುವುದು ಯಾವುದರಲ್ಲಿ? ಎದುರು ಬದಿಯಲ್ಲಿ ಬಿಡಿ ನಟ್ಟು ಇದ್ದರೆ, ಬೋಲ್ಟು ನಟ್ಟು ಎರಡೂ ಹಾಳಾದರೂ ನಷ್ಟ ಕೆಲವೇ ರೂಪಾಯಿಗಳದು. ನಟ್ಟು ಫ್ಲ್ಯಾಂಜಿಗೇ (ಪೈಪಿನ ತುದಿಯಲ್ಲಿ ಬೋಲ್ಟು ಕೂರುವ ಚಪ್ಪಟೆ ಅಂಚಿಗೇ) ವೆಲ್ಡ್ ಆಗಿದ್ದರೆ ಅಥವಾ ಫ್ಲ್ಯಾಂಜಿನಲ್ಲೇ ಥ್ರೆಡ್ ಇದ್ದರೆ ಕೊಂಚ ಜಾಗ್ರತೆ ಬೇಕು. ಥ್ರೆಡ್ ಇರುವುದು ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನಲ್ಲೇ ಆದರೆ, ಅಲ್ಲಿ ಮಾಡಿದ ಅವಸರ ಹೆಡ್ಡು ಇಳಿಸುವವರೆಗೂ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಈ ಕೆಲಸದಲ್ಲಿ ಆಗುವ ನಷ್ಟದ ಬಹುಪಾಲು ಈ ಮೂರನ್ನೂ ಒಂದೇ ರೀತಿ ನೋಡುವುದರಿಂದ ಬರುತ್ತದೆ. ಕತ್ತರಿಸಿ ಎಸೆಯಬೇಕಾದ ಬೋಲ್ಟನ್ನು ಉಳಿಸಲು ಗಂಟೆಗಟ್ಟಲೆ ಹೆಣಗಾಡುವವರೇ, ರಾತ್ರಿಯಿಡೀ ಎಣ್ಣೆ ಕುಡಿಸಬೇಕಾದ ಸ್ಟಡ್ಡಿಗೆ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟಿಗೆ) ಸ್ಪ್ಯಾನರ್ ಹಾಕಿ ಒಂದೇ ಸಲಕ್ಕೆ ಎಳೆದುಬಿಡುತ್ತಾರೆ.

ಎಲ್ಲಿಯ ಬೋಲ್ಟು, ಎಂಥ ತುಕ್ಕು

ಕಾರಿನ ಹಿಂದಿನಿಂದ ಮುಂದಕ್ಕೆ ನೋಡುತ್ತ ಬಂದರೆ, ಹಿಂಬದಿಯ ಸೈಲೆನ್ಸರ್ ಮತ್ತು ನಡುವಿನ ಪೈಪು ಕೂಡುವ ಕಡೆ ಬಹುತೇಕ ಕಾರುಗಳಲ್ಲಿ ಆರಪಾರ ಹೋಗುವ ಬೋಲ್ಟುಗಳಿರುತ್ತವೆ. ಅದರ ಮುಂದೆ, ಎಂಜಿನ್ನಿನ ಕಡೆಯ ಪೈಪು ಕೂಡುವಲ್ಲಿ, ಅನೇಕ ಕಾರುಗಳಲ್ಲಿ ಸ್ಪ್ರಿಂಗ್ ಇರುವ ಎರಡು ಬೋಲ್ಟುಗಳು ಕಾಣುತ್ತವೆ. ಕೊನೆಯಲ್ಲಿ ಹೆಡ್ಡಿಗೆ ಮ್ಯಾನಿಫೋಲ್ಡನ್ನು (ಎಂಜಿನ್ನಿನ ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಪೈಪಿಗೆ ಬಿಡುವ ಭಾಗವನ್ನು) ಹಿಡಿದಿರುವ ಸ್ಟಡ್‌ಗಳು ಇರುತ್ತವೆ. ಹಿಂದೆ ಹೋದಷ್ಟೂ ಬಿಸಿ ಕಡಿಮೆ, ಕೆಸರು ನೀರು ಹೆಚ್ಚು. ಮುಂದೆ ಬಂದಷ್ಟೂ ನೀರು ಕಡಿಮೆ, ಬಿಸಿ ಹೆಚ್ಚು. ಆದ್ದರಿಂದ ಹಿಂದಿನ ಬೋಲ್ಟು ತುಕ್ಕಿನಿಂದ ಸವೆದು ಹೋಗುತ್ತದೆ, ಮುಂದಿನ ಸ್ಟಡ್ ನೋಡಲು ಗಟ್ಟಿಯಾಗಿದ್ದರೂ ಸಾವಿರಾರು ಸಲ ಕಾದು ಆರಿ ಒಳಗೊಳಗೇ ಪೆಡಸಾಗಿರುತ್ತದೆ.

ನಮ್ಮ ಕಡೆ ಕರಾವಳಿಯ ಉಪ್ಪುಗಾಳಿ ಇಲ್ಲದಿರುವುದು ಒಂದು ಅನುಕೂಲ. ಇಲ್ಲಿನ ತುಕ್ಕು ಹೆಚ್ಚಾಗಿ ನಾಲೆ ಏರಿಯ ರಸ್ತೆಗಳಲ್ಲಿ, ಗದ್ದೆ ಬದಿಯ ದಾರಿಗಳಲ್ಲಿ ಫ್ಲ್ಯಾಂಜಿನ ಸಂದಿಗೆ ಸೇರಿ ಒಣಗಿ ಮತ್ತೆ ನೆನೆಯುವ ಕೆಸರಿನಿಂದ ಬರುತ್ತದೆ. ಊರೊಳಗೇ ಓಡುವ ಕಾರುಗಳಲ್ಲಿ ಇನ್ನೊಂದು ಕಾರಣವಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಯವರೆಗೆ ಹೋಗಿ ನಿಲ್ಲಿಸುವ ಕಾರಿನ ಸೈಲೆನ್ಸರ್ ಕಾಯುವುದರೊಳಗೆ ಎಂಜಿನ್ ಆಫ್ ಆಗಿರುವುದರಿಂದ ಆ ನೀರಿನಲ್ಲಿ ಒಂದಿಷ್ಟು ಒಳಗೇ ಉಳಿದು ಪೈಪನ್ನೂ ಸಂದುಗಳನ್ನೂ ಒಳಗಿನಿಂದ ತಿನ್ನುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ನಂಬರ್ ಪ್ಲೇಟನ್ನೂ ಗಮನಿಸುವುದು ಒಳ್ಳೆಯದು. ಕೆಎ-09, ಕೆಎ-55, ಕೆಎ-11 ಅಲ್ಲದೆ ಮಂಗಳೂರಿನ ಕೆಎ-19 ಅಥವಾ ಉಡುಪಿಯ ಕೆಎ-20 ನೋಂದಣಿಯ ಕಾರಾದರೆ, ಕೆಳಗಿನ ಬೋಲ್ಟುಗಳು ತಿರುಗಿ ಬರುತ್ತವೆಂಬ ಭರವಸೆಯನ್ನು ಮೊದಲೇ ಕೈಬಿಟ್ಟು, ಕತ್ತರಿಸುವ ತಯಾರಿಯಲ್ಲೇ ಕೆಲಸಕ್ಕೆ ಇಳಿಯುವುದು ಜಾಣತನ.

ಎಣ್ಣೆ, ಬಿಸಿ, ಬಲ

ಈ ಮೂರರಲ್ಲಿ ಅತಿ ಅಗ್ಗದ್ದು ಎಣ್ಣೆ, ಅತಿ ದುಬಾರಿಯಾಗಿ ಪರಿಣಮಿಸುವುದು ಬರೀ ಬಲ. ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಎಳೆಯುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ಲಾರಿಯ ಚಕ್ರದ ನಟ್ಟಿಗೆ ಅದು ಸರಿ, 8 ಮಿ.ಮೀ. ಎಕ್ಸಾಸ್ಟ್ ಸ್ಟಡ್ಡಿಗೆ ಖಂಡಿತ ಸಲ್ಲದು. ಕಚ್ಚಿಕೊಂಡ ಬೋಲ್ಟು ಬಿಡುವಾಗ ಮೊದಲು ‘ಟಕ್’ ಎಂದು ಸಡಿಲಿ, ಬಳಿಕ ಕಿರ್ರೆನ್ನುತ್ತ ಬಿಗಿಯಾಗಿಯೇ ತಿರುಗುತ್ತದೆ. ಆ ಸದ್ದು ಶುಭಸೂಚನೆ. ಸದ್ದಿಲ್ಲದೆ ಬೆಲ್ಲದ ಎಳೆಪಾಕ ತಿರುವಿದಂತೆ ಮೆತ್ತಗೆ ತಿರುಗತೊಡಗಿದರೆ ನಟ್ಟು ತಿರುಗುತ್ತಿಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿದೆ ಎಂದು ತಿಳಿದು ಅಲ್ಲಿಗೇ ಕೈ ನಿಲ್ಲಿಸಬೇಕು. ಇನ್ನೊಂದು ಕಾಲು ಸುತ್ತಿಗೆ ಅದು ಮುರಿಯುತ್ತದೆ.

ಎಣ್ಣೆ ಎಂದಾಗ ಬಹಳ ಮಂದಿ ಡಬ್ಲ್ಯುಡಿ-40 ಡಬ್ಬಿಯನ್ನೇ ನೆನೆಯುತ್ತಾರೆ. ಅದರ ಹೆಸರಿನ ಹುಟ್ಟೇ ತೇವವನ್ನು ಹೊರದೂಡುವ ದ್ರಾವಣದಿಂದ ಬಂದದ್ದು. ಸಣ್ಣಪುಟ್ಟ ತುಕ್ಕಿಗೆ ಅದು ಸಾಕಾದರೂ, ಕಚ್ಚಿಕೊಂಡ ಎಕ್ಸಾಸ್ಟ್ ಬೋಲ್ಟಿಗೆ ತುಕ್ಕಿನ ಸಂದಿಗೆ ಇಳಿಯಲೆಂದೇ ತಯಾರಿಸಿದ ಪೆನೆಟ್ರೇಟಿಂಗ್ ಆಯಿಲ್ ಹೆಚ್ಚು ಪ್ರಯೋಜನಕಾರಿ. ಗ್ಯಾರೇಜುಗಳಲ್ಲಿ ಬಿಡುವ ಡೀಸೆಲ್ಲೂ ಕಾಲಾವಕಾಶ ಕೊಟ್ಟರೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಎಣ್ಣೆ ಯಾವುದೆಂಬುದಕ್ಕಿಂತ ಅದನ್ನು ಹೇಗೆ ಬಿಡುತ್ತೇವೆ ಎಂಬುದು ಮುಖ್ಯ. ನಟ್ಟಿನಿಂದ ಹೊರಗೆ ಚಾಚಿರುವ ಥ್ರೆಡ್ಡನ್ನು ಮೊದಲು ವೈರ್ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಬೇಕು, ಏಕೆಂದರೆ ಸಡಿಲಿದ ನಟ್ಟು ಹೊರಬರಬೇಕಾದದ್ದು ಆ ಥ್ರೆಡ್ಡಿನ ಮೇಲೆಯೇ. ಅಲ್ಲಿನ ತುಕ್ಕನ್ನು ಹಾಗೇ ಬಿಟ್ಟರೆ ಎರಡು ಸುತ್ತು ಬಂದ ನಟ್ಟು ಮತ್ತೆ ಸಿಕ್ಕಿಕೊಂಡು ಸ್ಟಡ್ಡನ್ನು ಮುರಿಯುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಬಿಟ್ಟು, ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಹಗುರ ಪೆಟ್ಟು ಕೊಟ್ಟರೆ ಎಣ್ಣೆ ಒಳಕ್ಕಿಳಿಯುತ್ತದೆ. ಸುಡುವ ಪೈಪಿನ ಮೇಲೆ ಬಿಟ್ಟ ಎಣ್ಣೆ ಹೊಗೆಯಾಗಿ ಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ, ಬೆಂಕಿ ಹೊತ್ತುವ ಅಪಾಯವೂ ಉಂಟು.

ಸ್ಪ್ಯಾನರಿನ ಆಯ್ಕೆಯೂ ಸಣ್ಣ ವಿಷಯವಲ್ಲ. ಮೇಲಿನ ಪದರ ತುಕ್ಕಾಗಿ ಉದುರಿದ ನಟ್ಟು ತನ್ನ ಅಳತೆಗಿಂತ ಚಿಕ್ಕದಾಗಿರುವುದರಿಂದ, 14ರ ಸ್ಪ್ಯಾನರ್ ಹಾಕಿದರೆ ಸ್ಲಿಪ್ ಆಗುತ್ತದೆ. 13ರ ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಹಿಡಿಯುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಇಲ್ಲಿ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಇಂಪ್ಯಾಕ್ಟ್ ಗನ್ ಬಗ್ಗೆ ಎರಡು ಅಭಿಪ್ರಾಯಗಳಿವೆ. ಚಿಕ್ಕ ಚಿಕ್ಕ ಹೊಡೆತವಾಗಿ, ಒಮ್ಮೆ ಬಿಗಿಯುವ ಕಡೆಗೆ ಒಮ್ಮೆ ಬಿಚ್ಚುವ ಕಡೆಗೆ ಕೊಟ್ಟರೆ ಅದು ತುಕ್ಕನ್ನು ಒಡೆಯುತ್ತದೆ, ಒಂದೇ ಸಮ ಎಳೆಯುವ ಉದ್ದ ಪೈಪಿಗಿಂತ ವಾಸಿ. ಟ್ರಿಗರ್ ಒತ್ತಿ ಹಿಡಿದುಕೊಂಡರೆ ಮಾತ್ರ ಎರಡರ ನಡುವೆ ವ್ಯತ್ಯಾಸವೇನೂ ಉಳಿಯುವುದಿಲ್ಲ.

ಎಣ್ಣೆಗೆ ಬಗ್ಗದಿದ್ದರೆ ಬಿಸಿ. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದನ್ನು ಸುತ್ತುವರಿದ ನಟ್ಟನ್ನು. 10 ಮಿ.ಮೀ. ರಂಧ್ರವಿರುವ ಉಕ್ಕಿನ ನಟ್ಟಿನ ಬಿಸಿಯನ್ನು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ಅದರ ರಂಧ್ರ ಅಗಲವಾಗುವುದು ಒಂದು ಮಿಲಿಮೀಟರಿನ ನೂರನೇ ನಾಲ್ಕು ಭಾಗಕ್ಕಿಂತಲೂ ಕಡಿಮೆ. ಆದರೂ ತುಕ್ಕಿನ ಪದರ ಬಿರುಕು ಬಿಡಲು ಅಷ್ಟೇ ಸಾಕು. ಗ್ಯಾಸ್ ವೆಲ್ಡಿಂಗ್ ಟಾರ್ಚು ನಟ್ಟನ್ನು ಕೆಲವೇ ಸೆಕೆಂಡುಗಳಲ್ಲಿ ಕೆಂಪಗೆ ಕಾಯಿಸುವುದರಿಂದ ಬಿಸಿ ಬೋಲ್ಟಿಗೆ ಹರಡುವ ಮೊದಲೇ ತಿರುಗಿಸಬಹುದು. ಕೈಯಲ್ಲಿ ಹಿಡಿಯುವ ಸಣ್ಣ ಬ್ಯುಟೇನ್ ಟಾರ್ಚು ನಿಧಾನವಾಗಿ ಕಾಯಿಸುವುದರಿಂದ ಅಷ್ಟರಲ್ಲಿ ಬೋಲ್ಟೂ ಕಾದಿರುತ್ತದೆ, ಲಾಭ ಅರ್ಧವಾಗುತ್ತದೆ. ಜ್ವಾಲೆಯಿಲ್ಲದೆ ಸುರುಳಿಯೊಂದರಿಂದ ನಟ್ಟನ್ನಷ್ಟೇ ಕಾಯಿಸುವ ಇಂಡಕ್ಷನ್ ಹೀಟರ್ ಇರುವ ಗ್ಯಾರೇಜ್ ಸಿಕ್ಕರೆ, ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ಆಕ್ಸಿಜನ್ ಸೆನ್ಸರಿನ ವೈರು ಹತ್ತಿರವಿರುವ ಕಡೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಕಾದ ಸ್ಟಡ್ಡಿಗೆ ಮೇಣದ ಬತ್ತಿಯನ್ನು ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಕ್ಕೆ ಹೀರಿಕೊಂಡು ಹೋಗಿ ಜಾರಿಕೆ ಕೊಡುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಈ ಉಪಾಯ ನಿಜಕ್ಕೂ ಫಲ ಕೊಡುವಂಥದ್ದು.

ಬೆಂಕಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಜ್ವಾಲೆ ತೋರಿಸಬಾರದು. ಕ್ಲೋರಿನ್ ಇರುವ ಕ್ಲೀನರ್ ಕಾದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಸಿಎನ್‌ಜಿ ಕಾರಾದರೆ ಗ್ಯಾಸ್ ಟಾರ್ಚಿನ ಮಾತನ್ನೇ ಎತ್ತದೆ ಕತ್ತರಿಸುವ ಅಥವಾ ಇಂಡಕ್ಷನ್ ದಾರಿ ಹಿಡಿಯುವುದು ಕ್ಷೇಮ, ಹಾಗೆ ಕತ್ತರಿಸುವಾಗಲೂ ಗ್ರೈಂಡರಿನ ಕಿಡಿ ಸಿಡಿಯದಂತೆ ಹ್ಯಾಕ್ಸಾ ಬಳಸುವುದು ಮೇಲು.

ಕತ್ತರಿಸುವುದೇ ಸರಿಯಾದ ಕಡೆ

ಹಿಂಬದಿಯ ಫ್ಲ್ಯಾಂಜಿನ ಆರಪಾರ ಬೋಲ್ಟಿಗೆ ಎಣ್ಣೆ, ಬಿಸಿ ಯಾವುದೂ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಮ್ಮೆ ಸಾಕೆಟ್ ಹಾಕಿ ನೋಡಿ, ಬರದಿದ್ದರೆ ಗ್ರೈಂಡರಿಗೆ ತೆಳ್ಳನೆಯ ಕಟಿಂಗ್ ವೀಲ್ ಹಾಕಿ ತಲೆ ಕತ್ತರಿಸಿ, ಉಳಿದ ತುಂಡನ್ನು ಪಂಚ್‌ನಿಂದ ಹೊಡೆದು ಹೊರಹಾಕಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹೊಸ ಬೋಲ್ಟು ಹೇಗಿದ್ದರೂ ಹಾಕಲೇಬೇಕು. ಆದರೆ ಹೊಡೆಯುವಾಗ ಜಾಗ ನೋಡಿಕೊಳ್ಳಬೇಕು. ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಪಕ್ಕದ ಫ್ಲ್ಯಾಂಜಿಗೆ ಸುತ್ತಿಗೆಯಿಂದ ಜೋರಾಗಿ ಬಡಿದರೆ ಒಳಗಿನ ಸೆರಾಮಿಕ್ ಜೇನುಗೂಡು ಬಿರುಕು ಬಿಡಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಕಾರುಗಳಲ್ಲಿ ಅನೇಕಕ್ಕೆ ಈ ಕನ್ವರ್ಟರು ಮ್ಯಾನಿಫೋಲ್ಡಿಗೇ ಅಂಟಿಕೊಂಡಂತೆ ಇರುತ್ತದೆ, ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುವುದರಿಂದ ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಅಲ್ಲಿ ಬಡಿಯುವುದಕ್ಕಿಂತ ಬೋಲ್ಟಿನ ತುಂಡನ್ನು ಕೊರೆಯುವುದು ಒಳ್ಳೆಯದು.

ಸ್ಟಡ್ ಇದ್ದು ಅದರ ಮೇಲಿನ ನಟ್ಟಷ್ಟೇ ಕಚ್ಚಿಕೊಂಡಿದ್ದರೆ ನಟ್ಟನ್ನು ಬಲಿಕೊಟ್ಟು ಸ್ಟಡ್ಡನ್ನು ಉಳಿಸಿಕೊಳ್ಳಬಹುದು. ನಟ್ ಸ್ಪ್ಲಿಟರ್ ಎಂಬ ಸಣ್ಣ ಸಾಧನ ನಟ್ಟಿನ ಪಕ್ಕೆಗೆ ಉಳಿಯನ್ನು ಒತ್ತಿ ಸೀಳುತ್ತದೆ. ಅದು ಹಿಡಿಸದಷ್ಟು ಇಕ್ಕಟ್ಟಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ನಟ್ಟಿನ ಒಂದು ಪಕ್ಕವನ್ನು ಸ್ಟಡ್ಡಿಗೆ ತಾಗುವ ತುಸು ಮುಂಚಿನವರೆಗೆ ಕೊಯ್ದು, ಉಳಿಯಿಂದ ತೆರೆದರೂ ಆದೀತು.

ಫ್ಲ್ಯಾಂಜೇ ತುಕ್ಕು ತಿಂದು ರಂಧ್ರಗಳು ಹರಿದುಹೋಗಿದ್ದರೆ ಏನು ಮಾಡಬೇಕು? ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಎರಡು ಪೈಪುಗಳನ್ನು ಒಂದಕ್ಕೊಂದು ಬೆಸೆದುಕೊಡುವುದಾಗಿ ಹೇಳುತ್ತಾರೆ. ಇನ್ನೆರಡು ವರ್ಷ ಓಡಿಸಿ ಮಾರುವ ಹಳೆಯ ಕಾರಿಗೆ ಅದು ಸಾಗುತ್ತದೆ. ಉಳಿಸಿಕೊಳ್ಳುವ ಕಾರಾದರೆ ಹೊಸ ಫ್ಲ್ಯಾಂಜ್ ಬೆಸೆಸಿ ಬೋಲ್ಟು ಹಾಕಿಸಬೇಕು, ಇಲ್ಲವಾದರೆ ಮುಂದೆ ಸೈಲೆನ್ಸರ್ ಒಂದನ್ನೇ ಬದಲಾಯಿಸಬೇಕಾದಾಗ ಪೈಪನ್ನೇ ಕತ್ತರಿಸಬೇಕಾಗುತ್ತದೆ.

ಹೆಡ್ಡಿನಲ್ಲಿ ಮುರಿದ ಸ್ಟಡ್

ನಿಜವಾದ ಆಯ್ಕೆಯ ಕಷ್ಟ ಇಲ್ಲಿದೆ. ಸ್ಟಡ್ಡಿನ ತುಂಡು ಹೆಡ್ಡಿನಿಂದ ಒಂದಿಷ್ಟು ಹೊರಗೆ ಚಾಚಿದ್ದರೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸುವ ಸರಳ ಉಪಾಯವನ್ನು ಮೊದಲು ನೋಡಬಹುದು. ಅಂಚಿನ ಮಟ್ಟಕ್ಕೆ ಮುರಿದಿದ್ದರೆ ಎರಡು ದಾರಿಗಳು ಉಳಿಯುತ್ತವೆ: ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸುವುದು ಅಥವಾ ಕೊರೆಯುವುದು. ನಾನು ಮೊದಲನೆಯದರ ಪರ. ಮುರಿದ ತುಂಡಿನ ಮೇಲೆ ನಟ್ಟು ಇಟ್ಟು ಅದರ ಒಳಗಿನಿಂದ ವೆಲ್ಡ್ ತುಂಬಿಸಿದಾಗ ಸ್ಟಡ್ಡಿನ ನಡುಭಾಗವೇ ಕೆಂಪಗೆ ಕಾದು, ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಬಿಡುತ್ತದೆ. ವೆಲ್ಡ್ ಉಕ್ಕಿಗೆ ಹಿಡಿಯುತ್ತದೆಯೇ ಹೊರತು ಸುತ್ತಲಿನ ಅಲ್ಯೂಮಿನಿಯಂಗೆ ಸುಲಭಕ್ಕೆ ಹಿಡಿಯುವುದಿಲ್ಲ. ಕೆಂಪು ಆರಿದ ಮೇಲೆ ಒಂದೇ ಕಡೆಗೆ ಎಳೆಯದೆ ಹಿಂದಕ್ಕೆ ಮುಂದಕ್ಕೆ ಅಲುಗಿಸುತ್ತ ತೆಗೆಯಬೇಕು. ಮೊದಲ ಸಲ ನಟ್ಟು ಕಿತ್ತುಬಂದರೆ ಮತ್ತೊಂದು ನಟ್ಟು ವೆಲ್ಡ್ ಮಾಡಬೇಕು, ಪ್ರತಿ ಸಲ ಕಾದು ಆರಿದಾಗಲೂ ಹಿಡಿತ ಸಡಿಲವಾಗುತ್ತಲೇ ಹೋಗುತ್ತದೆ.

ಇದಕ್ಕೆ ಬೇಕಾದದ್ದು ಸಿಓಟು ವೆಲ್ಡಿಂಗ್, ಅಂದರೆ ಕಡ್ಡಿಯ ಬದಲು ಗನ್ನಿನಿಂದ ತೆಳು ತಂತಿ ಹೊರಬರುವ ವೆಲ್ಡಿಂಗ್. ಗೇಟು, ನೇಗಿಲು ಬೆಸೆಯುವ ಕಡ್ಡಿ ವೆಲ್ಡಿಂಗ್ ಎಲ್ಲ ಊರುಗಳಲ್ಲೂ ಸಿಗುತ್ತದೆ, ಆದರೆ ಎಂಜಿನ್ನಿನ ಹಿಂಬದಿಯ ಸಂದಿಯಲ್ಲಿ 8 ಮಿ.ಮೀ. ತುಂಡಿನ ಮೇಲೆ ಕಡ್ಡಿಯನ್ನು ನಿಯಂತ್ರಿಸುವುದು ಬಲು ಕಷ್ಟ. ಯಾವುದೇ ವೆಲ್ಡಿಂಗಿಗೂ ಮುನ್ನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಸಿ, ಅರ್ತ್ ಕ್ಲಾಂಪನ್ನು ಕೆಲಸದ ಜಾಗದ ಹತ್ತಿರವೇ ಹಾಕಿಸಬೇಕು.

ಇಲ್ಲಿ ನಮ್ಮ ಸೀಮೆಯ ಮಾತೊಂದು ಹೇಳಬೇಕಾಗಿದೆ. ಮಂಡ್ಯ, ಮದ್ದೂರು ಕಡೆಯ ಲೇತ್ ಅಂಗಡಿಯವರು ಆಲೆಮನೆಯ ಗಾಣ, ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಲ್ಲಿ ಮುರಿದ ಬೋಲ್ಟು ತೆಗೆದು ಪಳಗಿದ ಕೈಯವರು. ‘ಬುಡಿ ಸಾ, ಗ್ಯಾಸ್ ಕೊಟ್ರೆ ಬತ್ತದೆ’ ಎಂದು ಅವರು ಹೇಳುವುದು ಎರಕದ ಕಬ್ಬಿಣದ ಅನುಭವದಿಂದ, ಆ ಲೋಹಕ್ಕೆ ಅದು ನಿಜವೂ ಹೌದು. ಅಲ್ಯೂಮಿನಿಯಂ ಹೆಡ್ಡಿಗೆ ಅದೇ ಮಾತು ಅನ್ವಯಿಸುವುದಿಲ್ಲ. ಉಕ್ಕು ಕರಗುವ ಬಹಳ ಮೊದಲೇ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುವವರೆಗೂ ಬಣ್ಣ ಬದಲಿಸುವುದಿಲ್ಲ, ಹೆಡ್ಡಿಗೆ ಬಳಸುವ ಮಿಶ್ರಲೋಹ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹೆಡ್ಡಿನ ಮೇಲೆ ನೇರವಾಗಿ ಗ್ಯಾಸ್ ಜ್ವಾಲೆ ಹಿಡಿಯಲು ಹೊರಟವರನ್ನು, ಅವರು ಎಷ್ಟೇ ಅನುಭವಿಗಳಾಗಿರಲಿ, ತಡೆಯಬೇಕು.

ವೆಲ್ಡಿಂಗ್ ಫಲಿಸದಿದ್ದಾಗ ಕೊರೆಯುವುದು. ಮುರಿದ ಮುಖವನ್ನು ಅರದಿಂದ ಮಟ್ಟಸ ಮಾಡಿ, ಸರಿಯಾಗಿ ನಡುವಿಗೆ ಸೆಂಟರ್ ಪಂಚ್ ಹೊಡೆದು, 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಆರಂಭಿಸಿ, ಕಡಿಮೆ ವೇಗದಲ್ಲಿ ಎಣ್ಣೆ ಬಿಡುತ್ತ ಹಂತ ಹಂತವಾಗಿ ದೊಡ್ಡದು ಮಾಡಬೇಕು. 8 ಮಿ.ಮೀ. ಸ್ಟಡ್ಡಿಗೆ 6.8 ಮಿ.ಮೀ.ವರೆಗೆ ಹೋದರೆ ಥ್ರೆಡ್ಡಿನ ತೆಳು ಸುರುಳಿಯಷ್ಟೇ ಉಳಿದು ಚೂಪಾದ ಕಡ್ಡಿಯಿಂದ ಕೀಳಲು ಬರುತ್ತದೆ. ಗುರಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಡ್ರಿಲ್ ಬಿಟ್ಟು ಗಟ್ಟಿ ಉಕ್ಕಿನಿಂದ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ. ಹಿಮ್ಮುಖವಾಗಿ ತಿರುಗುವ ಎಡಗೈ ಡ್ರಿಲ್ ಬಿಟ್ಟುಗಳು ಸಿಕ್ಕರೆ ಅವನ್ನೇ ಬಳಸಬೇಕು; ಕೊರೆಯುತ್ತಿರುವಾಗಲೇ ತುಂಡು ತಿರುಗಿ ಹೊರಬರುವುದುಂಟು. ಈಜಿ ಔಟ್ ಎಂದು ಕರೆಯುವ ಎಕ್ಸ್‌ಟ್ರ್ಯಾಕ್ಟರ್ ಬಗ್ಗೆ ನನಗೆ ಒಲವಿಲ್ಲ. ಬೋಲ್ಟಿನ ತಲೆಯನ್ನೇ ಮುರಿದ ಹಿಡಿತವನ್ನು, ಅದಕ್ಕಿಂತ ತೆಳ್ಳನೆಯ ಪೆಡಸು ಉಕ್ಕಿನ ಕಡ್ಡಿ ಬಿಡಿಸೀತೆಂದು ನಂಬಲು ಕಾರಣವಿಲ್ಲ. ಅದು ಒಳಗೆ ಮುರಿದರೆ ಸಾಮಾನ್ಯ ಬಿಟ್ಟು ಅದನ್ನು ಕೊರೆಯುವುದಿಲ್ಲ. ಕಾರ್ಬೈಡ್ ಬಿಟ್ಟು ಬೇಕು, ಇಲ್ಲವೇ ಹೆಡ್ಡು ಇಳಿಸಿ, ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರವಿರುವ ಟೂಲ್ ರೂಮಿಗೆ ಒಯ್ಯಬೇಕು. ಕೆಲವು ಎಂಜಿನ್‌ಗಳಲ್ಲಿ ಸ್ಟಡ್ಡಿನ ರಂಧ್ರ ಕೂಲಂಟ್ ಹರಿಯುವ ಜಾಗದವರೆಗೂ ಹೋಗಿರುವುದರಿಂದ ಎಷ್ಟು ಆಳಕ್ಕೆ ಕೊರೆಯಬೇಕೆಂಬುದನ್ನೂ ಮೊದಲೇ ತಿಳಿದಿರಬೇಕು.

ಹೆಡ್ಡಿನ ಥ್ರೆಡ್ಡೇ ಹಾಳಾದರೆ 8ರ ಜಾಗಕ್ಕೆ 10 ಮಿ.ಮೀ. ಸ್ಟಡ್ ಹಾಕಿಬಿಡೋಣ ಎನ್ನುವುದು ಅಗ್ಗದ ಪರಿಹಾರ. ನಾನು ಅದನ್ನು ಒಪ್ಪುವುದಿಲ್ಲ, ಕಾರಣ ಮುಂದಿನ ಪ್ಯಾರಾದಲ್ಲಿದೆ. 8.3 ಮಿ.ಮೀ. ಕೊರೆದು, ಅದರದೇ ಟ್ಯಾಪ್ ಹಾಕಿ ಥ್ರೆಡ್ ಕೊಯ್ದು, ಸ್ಟೇನ್‌ಲೆಸ್ ತಂತಿಯ ಹೆಲಿಕಾಯಿಲ್ ಸುರುಳಿ ಕೂರಿಸಿದರೆ ಮೂಲ ಅಳತೆಯ ಸ್ಟಡ್ಡೇ ಮತ್ತೆ ಕೂರುತ್ತದೆ, ಮೊದಲಿದ್ದ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿಯಾಗಿಯೂ ಇರುತ್ತದೆ.

ಸ್ಟಡ್ ಏಕೆ ಮುರಿಯಿತು ಎಂದು ಕೇಳದೆ ಹೊಸದು ಹಾಕಿದರೆ ಅದೂ ಮುರಿಯುತ್ತದೆ. ಸುಮಾರು 400 ಮಿ.ಮೀ. ಉದ್ದದ ಎರಕದ ಮ್ಯಾನಿಫೋಲ್ಡ್ 500 ಡಿಗ್ರಿಯಷ್ಟು ಹೆಚ್ಚು ಕಾದಾಗ ಎರಡು ಮಿಲಿಮೀಟರಿಗೂ ತುಸು ಹೆಚ್ಚು ಹಿಗ್ಗುತ್ತದೆ, ಕೂಲಂಟ್ ತಣಿಸುತ್ತಿರುವ ಹೆಡ್ಡು ಅಷ್ಟು ಹಿಗ್ಗುವುದಿಲ್ಲ. ಈ ಜಗ್ಗಾಟ ಎರಡು ತುದಿಗಳಲ್ಲಿ ಅತಿ ಹೆಚ್ಚು, ಅದಕ್ಕೇ ಮುರಿಯುವ ಸ್ಟಡ್ ಸಾಮಾನ್ಯವಾಗಿ ತುದಿಯದ್ದೇ ಆಗಿರುತ್ತದೆ. ಈ ಓಡಾಟಕ್ಕೆಂದೇ ಮ್ಯಾನಿಫೋಲ್ಡಿನ ರಂಧ್ರಗಳನ್ನು ಸ್ಟಡ್ಡಿಗಿಂತ ದೊಡ್ಡದಾಗಿ ಇಟ್ಟಿರುತ್ತಾರೆ. ದಪ್ಪ ಸ್ಟಡ್ ಹಾಕಿ ಆ ಸಡಿಲವನ್ನು ತುಂಬಿದರೆ ಜಗ್ಗಾಟವೆಲ್ಲ ಅದರ ಮೇಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಮ್ಯಾನಿಫೋಲ್ಡ್ ಬಾಗಿಯೂ ಇರಬಹುದು. ಬಿಚ್ಚಿದಾಗ ಅದರ ಮುಖದ ಮೇಲೆ ಉಕ್ಕಿನ ನೇರ ಪಟ್ಟಿಯಿಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿಸಬೇಕು, ತಯಾರಕರು ಹೇಳಿದ ಮಿತಿಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ ಮಾಡಿಸಬೇಕು, ಅಂದರೆ ಆ ಮುಖವನ್ನು ಯಂತ್ರದಲ್ಲಿ ಮಟ್ಟಸ ಮಾಡಿಸಬೇಕು. ಈ ಕೆಲಸಕ್ಕೆ ಮೈಸೂರಿನಲ್ಲಿ ಹೆಬ್ಬಾಳು, ಮೇಟಗಳ್ಳಿ ಕಡೆಯ ಕೈಗಾರಿಕಾ ಪ್ರದೇಶಗಳಲ್ಲೂ ಮಂಡ್ಯದವರಿಗೆ ತೂಬಿನಕೆರೆಯ ಕಡೆಯೂ ಯಂತ್ರಗಳಿರುವ ವರ್ಕ್‌ಶಾಪುಗಳನ್ನು ವಿಚಾರಿಸಬಹುದು. ಅಷ್ಟಾದ ಮೇಲೆ ಮುರಿದ ಒಂದನ್ನೇ ಅಲ್ಲದೆ ಎಲ್ಲ ಸ್ಟಡ್‌ಗಳನ್ನೂ ಪ್ಯಾಕಿಂಗನ್ನೂ ಬದಲಿಸುವುದು ಲೆಕ್ಕಕ್ಕೆ ಸರಿ. ಉಳಿದವೂ ಅಷ್ಟೇ ವರ್ಷ ಕಾದು ಆರಿದವು.

ಹೊಸ ಬೋಲ್ಟಿನ ಆಯ್ಕೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಳ್ಳುವ ಮೊದಲು ಥ್ರೆಡ್ಡಿನ ಅಂತರ ನೋಡಬೇಕು. ಜಪಾನ್, ಕೊರಿಯಾ ಮೂಲದ ಕಾರುಗಳ 10 ಮಿ.ಮೀ. ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ 1.25 ಮಿ.ಮೀ. ಅಂತರದ್ದು, ತಲೆಗೆ 14ರ ಸ್ಪ್ಯಾನರ್. ಅಂಗಡಿಯಲ್ಲಿ ಸುಮ್ಮನೆ ‘ಹತ್ತರ ಬೋಲ್ಟು’ ಎಂದು ಕೇಳಿದರೆ ಸಿಗುವುದು 1.5 ಅಂತರದ್ದು, 17ರ ತಲೆಯದ್ದು. ಒಂದೆರಡು ಸುತ್ತು ಅದು ಹೋಗುತ್ತದೆ, ಆಮೇಲೆ ಬಲ ಹಾಕಿದರೆ ಹೊಸ ಥ್ರೆಡ್ ಹಾಳು. ಹಳೆಯ ಬೋಲ್ಟನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ಹೋಲಿಸಿ ತರುವುದು ಉತ್ತಮ.

ಗುರುತಿಲ್ಲದ ಎಂಎಸ್ (ಮೆದು ಉಕ್ಕಿನ) ಬೋಲ್ಟು ಬೇಡ. ಹಿಂಬದಿಯ ಫ್ಲ್ಯಾಂಜಿಗೆ ತಲೆಯ ಮೇಲೆ 8.8 ಎಂದು ಇರುವ ಹೈಟೆನ್ಸಿಲ್ ಬೋಲ್ಟು ಸಾಕು. 10.9 ಇನ್ನೂ ಗಟ್ಟಿಯಾದ್ದರಿಂದ ಇನ್ನೂ ಒಳ್ಳೆಯದೆಂದು ಮಾರುವವರಿದ್ದಾರೆ. ಆ ಹೆಚ್ಚುವರಿ ಗಟ್ಟಿತನ ಶಾಖೋಪಚಾರದಿಂದ ಬಂದದ್ದಾದ್ದರಿಂದ ಎಕ್ಸಾಸ್ಟಿನ ಬಿಸಿಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಸ್ಟೇನ್‌ಲೆಸ್ ಎ2-70 ಬೋಲ್ಟಿನ ಕರ್ಷಣ ಬಲ 700 ಮೆಗಾಪ್ಯಾಸ್ಕಲ್, 8.8ರದು 800. ಬಲ ಸ್ವಲ್ಪ ಕಡಿಮೆಯಾದರೂ ತುಕ್ಕು ಹಿಡಿಯದ ಕಾರಣ ಹಿಂದಿನ ಸಂದಿಗೆ ನಾನು ಅದನ್ನೇ ಆರಿಸುವೆ, ಒಂದು ಷರತ್ತಿನ ಮೇಲೆ: ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಒಣಗಿದ್ದಂತೆ ಹಾಕಿದರೆ ಬಿಗಿಯುವಾಗಲೇ ಲೋಹಕ್ಕೆ ಲೋಹ ಉಜ್ಜಿ ಅಂಟಿಕೊಳ್ಳುತ್ತದೆ. ಹಿತ್ತಾಳೆಯ ನಟ್ಟು ಹಾಕಬೇಕು, ಇಲ್ಲವೇ ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಬಳಿಯಬೇಕು. ಬೆಳ್ಳಗೆ ಹೊಳೆಯುವ ಸತುವಿನ ಲೇಪನ ಹಿಂದೆ ಒಂದಷ್ಟು ಕಾಲ ಕಾಪಾಡುತ್ತದೆ. ಸತು ಕರಗುವುದು 419 ಡಿಗ್ರಿಯಲ್ಲಾದ್ದರಿಂದ ಮ್ಯಾನಿಫೋಲ್ಡಿನ ಬಳಿ ಅದರಿಂದ ಪ್ರಯೋಜನವಿಲ್ಲ. ನೈಲಾನ್ ಉಂಗುರದ ಲಾಕ್ ನಟ್ಟನ್ನು ಎಕ್ಸಾಸ್ಟಿನ ಯಾವ ಭಾಗಕ್ಕೂ ಹಾಕಬಾರದು. ನೈಲಾನ್ ಕರಗಿ ನಟ್ಟು ಸಡಿಲವಾಗುತ್ತದೆ.

ಮ್ಯಾನಿಫೋಲ್ಡಿನ ಸ್ಟಡ್‌ಗಳಲ್ಲಿ ಉಳಿತಾಯಕ್ಕೆ ಹೋಗದೆ ಕಾರಿನ ಕಂಪನಿಯದ್ದೇ ಶಾಖ ತಡೆಯುವ ಸ್ಟಡ್ಡನ್ನೂ ತಾಮ್ರದ ಲೇಪನದ ನಟ್ಟನ್ನೂ ತರುವುದು ಉತ್ತಮ. ಸ್ಪ್ರಿಂಗ್ ಬೋಲ್ಟಿನ ವಿಷಯದಲ್ಲಂತೂ ಬದಲಿ ಇಲ್ಲವೇ ಇಲ್ಲ. ಆ ಸಂದಿಯಲ್ಲಿ ಎಂಜಿನ್ ಅಲುಗಿದಾಗ ಪೈಪು ತುಸು ಹೊರಳಲೆಂದು ಗುಂಡನೆಯ ಪ್ಯಾಕಿಂಗ್ ಇಟ್ಟಿರುತ್ತಾರೆ, ಬೋಲ್ಟಿಗೆ ಮೆಟ್ಟಿಲಿಟ್ಟು ಸ್ಪ್ರಿಂಗ್ ಪೂರ್ತಿ ಅಮುಕಿಹೋಗದಂತೆ ತಡೆದಿರುತ್ತಾರೆ. ಸ್ಪ್ರಿಂಗ್ ಸಿಗಲಿಲ್ಲವೆಂದು ಸಾದಾ ಬೋಲ್ಟು ಹಾಕಿ ಗಟ್ಟಿಯಾಗಿ ಬಿಗಿದುಕೊಟ್ಟ ಕಾರುಗಳನ್ನು ಆಗಾಗ ಕಾಣುತ್ತೇವೆ. ಅಂಥ ಕಾರಿನಲ್ಲಿ ಸದ್ದು ಕೆಲಕಾಲ ನಿಲ್ಲುತ್ತದೆ, ಬಳಿಕ ಪೈಪೋ ಮ್ಯಾನಿಫೋಲ್ಡೋ ಸೀಳುತ್ತದೆ.

ಆಂಟಿ ಸೀಜ್ ಪೇಸ್ಟ್‌ಗಳಲ್ಲಿ ತಾಮ್ರದ್ದು ಸುಮಾರು 1000 ಡಿಗ್ರಿಯವರೆಗೆ ತಾಳುತ್ತದೆ, ಬಹುತೇಕ ಕಾರುಗಳಿಗೆ ಅದು ಸಾಕು. ಇದಕ್ಕೆ ಬದಲಾಗಿ ಗ್ರೀಸ್ ಹಚ್ಚಿದರೆ ಒಂದೇ ದಿನದಲ್ಲಿ ಉರಿದು ಮಸಿಯಾಗುತ್ತದೆ. ಪೇಸ್ಟ್ ಹಚ್ಚಿದ ಥ್ರೆಡ್ ಜಾರುವುದರಿಂದ ಒಣ ಥ್ರೆಡ್ಡಿಗೆ ಹೇಳಿದ ಬಿಗಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಬಿಗಿಯಬೇಕು. 8 ಮಿ.ಮೀ.ಗೆ 20ರಿಂದ 25, 10 ಮಿ.ಮೀ.ಗೆ 40ರಿಂದ 50 ನ್ಯೂಟನ್ ಮೀಟರ್ ಎಂಬುದು ಒಣ ಥ್ರೆಡ್ಡಿನ ಸ್ಥೂಲ ಅಂದಾಜು. ಕಾರಿನ ಸರ್ವಿಸ್ ಮ್ಯಾನುಯಲ್ಲಿನ ಅಂಕಿಯೇ ಅಂತಿಮ. ಮ್ಯಾನಿಫೋಲ್ಡನ್ನು ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಹಂತಗಳಲ್ಲಿ ಬಿಗಿಯಬೇಕು.

ಯಾರ ಕೈಗೆ ಕೊಡುವುದು

ಹಿಂಬದಿಯ ಬೋಲ್ಟುಗಳನ್ನು ಮನೆಯಲ್ಲೇ ಬದಲಿಸಬಹುದು, ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದರೆ. ಸ್ಪ್ರಿಂಗ್ ಬೋಲ್ಟಿನಿಂದ ಮುಂದಕ್ಕೆ, ಗಾಡಿ ಎತ್ತುವ ಲಿಫ್ಟು ಮತ್ತು ಗ್ಯಾಸ್ ಅಥವಾ ಇಂಡಕ್ಷನ್ ಇರುವ ಗ್ಯಾರೇಜ್ ಬೇಕು. ವಾರಂಟಿ ಇನ್ನೂ ಇರುವ ಬಿಎಸ್6 ಕಾರನ್ನು ಕಂಪನಿ ಸರ್ವಿಸ್ ಸೆಂಟರಿಗೇ ಒಯ್ಯುವುದು ಸರಿ; ಅಲ್ಲಿ ಮುರಿದ ಸ್ಟಡ್ ತೆಗೆಯುವ ತಾಳ್ಮೆಗಿಂತ ಇಡೀ ಭಾಗ ಬದಲಿಸುವ ಅಂದಾಜು ಬರುವ ಸಂಭವ ಹೆಚ್ಚಾದರೂ, ವಾರಂಟಿ ಇದ್ದಾಗ ಅದು ನಮಗೆ ಅನುಕೂಲವೇ. ವಾರಂಟಿ ಮುಗಿದಿದ್ದರೆ, ಸಿಓಟು ವೆಲ್ಡಿಂಗ್ ಇಟ್ಟುಕೊಂಡಿರುವ, ಅಲ್ಯೂಮಿನಿಯಂ ಹೆಡ್ಡಿನ ಕೆಲಸ ಮಾಡಿರುವ ಗ್ಯಾರೇಜನ್ನು ಹುಡುಕುವುದು ಯೋಗ್ಯ. ಕಾರು ಬಿಡುವ ಮೊದಲೇ ‘ಸ್ಟಡ್ ಮುರಿದರೆ ಹೇಗೆ ತೆಗೀತೀರಿ, ಅದಕ್ಕೆ ಬೇರೆ ಚಾರ್ಜ್ ಎಷ್ಟು?’ ಎಂದು ಕೇಳಬೇಕು. ಹೀಗೀಗೆ ತೆಗೆಯುತ್ತೇವೆಂದು ವಿವರಿಸುವವರನ್ನು ನಂಬಬಹುದು, ಮುರಿಯುವುದೇ ಇಲ್ಲವೆಂದು ಭರವಸೆ ಕೊಡುವವರ ಬಳಿ ಮುರಿದಾಗಿನ ಯೋಜನೆ ಇರುವುದಿಲ್ಲ.

ಕೆಲಸವನ್ನು ಮುಂದೂಡಬಹುದೇ ಎಂಬುದು ಮುರಿದ ಜಾಗವನ್ನು ಅವಲಂಬಿಸಿದೆ. ಹಿಂದಿನ ಸಂದಿಯ ಎರಡರಲ್ಲಿ ಒಂದು ಬೋಲ್ಟು ಹೋಗಿದ್ದರೆ ಸದ್ದು ಮಾಡುತ್ತ ಕೆಲವು ದಿನ ಓಡಿಸಬಹುದು, ಗಾಜು ಇಳಿಸಿಕೊಂಡು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕಡೆಯಿಂದ ಟಿಕ್ ಟಿಕ್ ಎಂದು ಕೇಳಿ, ಕಾದ ಮೇಲೆ ಆ ಸದ್ದು ಅಡಗಿದರೆ ಮ್ಯಾನಿಫೋಲ್ಡ್ ಸೋರುತ್ತಿದೆ ಎಂದು ಅನುಮಾನಿಸಬೇಕು; ಹೆಡ್ಡಿನ ಬಳಿ ಮಸಿಯ ಗುರುತೂ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ. ಆ ಸಂದಿಯಿಂದ ಒಳಸೇರುವ ಗಾಳಿ ಆಕ್ಸಿಜನ್ ಸೆನ್ಸರನ್ನು ದಾರಿ ತಪ್ಪಿಸಿ ಪೆಟ್ರೋಲ್ ಹೆಚ್ಚು ಕುಡಿಸುತ್ತದೆ, ಹೊರಬರುವ ಕಾರ್ಬನ್ ಮೊನಾಕ್ಸೈಡ್ ಎಸಿಯ ಗಾಳಿಯೊಂದಿಗೆ ಕಾರಿನ ಒಳಗೂ ಬರಬಹುದು. ಒಂದು ಸ್ಟಡ್ ಮುರಿದಾಗ ಅದರ ಪಾಲಿನ ಜಗ್ಗಾಟವನ್ನು ಪಕ್ಕದ್ದು ಹೊರುತ್ತಿರುತ್ತದೆಯಾದ್ದರಿಂದ, ಈ ಸದ್ದು ಕೇಳಿದ ವಾರದಲ್ಲೇ ಮ್ಯಾನಿಫೋಲ್ಡ್ ಬಿಚ್ಚಿಸಿದರೆ ಹೆಚ್ಚಿನ ಪಕ್ಷ ತೆಗೆಯಬೇಕಾದ ಮುರಿದ ತುಂಡು ಒಂದೇ ಇರುತ್ತದೆ.